ಪುರುಷ ರಸದೂತ: ಕೊರತೆಯೂ ಕಷ್ಟ, ಹೆಚ್ಚಳವೂ ಕಷ್ಟ

ಬೆಳಗಾವಿ ಜಿಲ್ಲೆಯ ಕೌಜಲಗಿ, ಮೂಡಲಗಿ, ಹುಕ್ಕೇರಿ ಕಡೆಯ ಒಕ್ಕಲುತನದ ಮನೆಗಳಲ್ಲಿ ಹೋರಿ ಬೇರೆ, ಎತ್ತು ಬೇರೆ. ಹೋರಿಗೆ ದಪ್ಪ ಕುತ್ತಿಗೆ, ಎತ್ತರದ ಹಿಣಿಲು, ಸಿಟ್ಟಿನ ಸ್ವಭಾವ. ಬೀಜ ಒಡೆಸಿದರೆ ಅದೇ ಹೋರಿ ನೊಗಕ್ಕೆ ಕೊರಳು ಕೊಡುವ ಎತ್ತಾಗುತ್ತದೆ. ಸಾವಿರಾರು ವರ್ಷಗಳಿಂದ ರೈತರಿಗೆ ತಿಳಿದಿದ್ದ ಈ ಸಂಗತಿಯ ಕಾರಣ ವಿಜ್ಞಾನಕ್ಕೆ ಗೊತ್ತಾದದ್ದು ತೀರ ಈಚೆಗೆ. ವೃಷಣದಲ್ಲಿ ಹುಟ್ಟಿ ರಕ್ತದಲ್ಲಿ ಹರಿಯುವ ಟೆಸ್ಟೋಸ್ಟೆರಾನ್ ಎಂಬ ರಸದೂತ, ಅಂದರೆ ಹಾರ್ಮೋನು, ಇದಕ್ಕೆ ಕಾರಣ.

ಈ ರಸದೂತದ ಕೊರತೆ ಇರುವವರಿಗೆ ಅದನ್ನು ಹೊರಗಿನಿಂದ ಕೊಡುವ ಚಿಕಿತ್ಸೆ ಇಂದು ರೂಢಿಯಲ್ಲಿದೆ. ಆದರೆ ಅದರ ಚರಿತ್ರೆಯನ್ನು ನೋಡಿದರೆ ಪ್ರತಿ ಹೆಜ್ಜೆಯಲ್ಲೂ ಲಾಭದ ಜೊತೆಗೆ ಒಂದು ಅಡ್ಡಪರಿಣಾಮವೂ ಪತ್ತೆಯಾಗಿರುವುದು ಕಾಣುತ್ತದೆ.

ಹುಂಜದ ಹೊಟ್ಟೆಯಲ್ಲಿ ಉತ್ತರ

ಪ್ರಾಣಿಯ ವೃಷಣದಲ್ಲಿ ಶಕ್ತಿ ಇದೆಯೆಂಬ ನಂಬಿಕೆ ಹಳೆಯದು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಹೋತದ ವೃಷಣವನ್ನು ಹಾಲಿನಲ್ಲಿ ಬೇಯಿಸಿ ಬಳಸುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಆದರೆ ಆ ಶಕ್ತಿ ಯಾವುದು, ದೇಹದಲ್ಲಿ ಹೇಗೆ ಸಂಚರಿಸುತ್ತದೆ ಎಂಬುದಕ್ಕೆ ಪ್ರಯೋಗದ ಉತ್ತರ ಸಿಕ್ಕಿದ್ದು 1849ರಲ್ಲಿ. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಬರ್ತೋಲ್ಡ್ ಆರು ಎಳೆಯ ಹುಂಜಗಳನ್ನು ಆರಿಸಿಕೊಂಡು ಅವುಗಳ ಮೇಲೆ ಶಸ್ತ್ರಕ್ರಿಯೆ ನಡೆಸಿದ. ವೃಷಣ ಕಳೆದುಕೊಂಡ ಹುಂಜಗಳ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಕಾದಾಡಲಿಲ್ಲ. ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟ ಹುಂಜಗಳು ಮಾತ್ರ ಎಂದಿನಂತೆ ಬೆಳೆದವು. ಹಳೆಯ ನರದ ಸಂಪರ್ಕವಿಲ್ಲದೆಯೂ ವೃಷಣ ಕೆಲಸ ಮಾಡಿತು ಎಂದಮೇಲೆ ಅದರ ಪ್ರಭಾವ ರಕ್ತದ ಮೂಲಕವೇ ಹರಿಯಬೇಕು ಎಂದು ಬರ್ತೋಲ್ಡ್ ತೀರ್ಮಾನಿಸಿದ.

ನಲವತ್ತು ವರ್ಷಗಳ ನಂತರ, 1889ರ ಜೂನ್ 1ರಂದು, ಪ್ಯಾರಿಸ್ಸಿನ ವಿದ್ವತ್ಸಭೆಯೊಂದರಲ್ಲಿ 72 ವರ್ಷದ ಬ್ರೌನ್ ಸೆಕಾರ್ ಎಂಬ ಹೆಸರಾಂತ ವಿಜ್ಞಾನಿ ಒಂದು ಸಂಗತಿ ಪ್ರಕಟಿಸಿದ. ನಾಯಿ ಮತ್ತು ಗಿನಿ ಇಲಿಗಳ ವೃಷಣದ ರಸವನ್ನು ತಾನೇ ಚುಚ್ಚಿಕೊಂಡು ಯೌವನದ ಕಸುವನ್ನು ಮರಳಿ ಪಡೆದಿರುವುದಾಗಿ ಆತ ಹೇಳಿದ. ಸುದ್ದಿ ಜಗತ್ತೆಲ್ಲ ಹಬ್ಬಿತು. ಆದರೆ ಟೆಸ್ಟೋಸ್ಟೆರಾನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆ ರಸದಲ್ಲಿ ಇದ್ದ ಅಂಶ ತೀರ ಅತ್ಯಲ್ಪ. ಆತನಿಗಾದ ಅನುಭವ ಮನಸ್ಸಿನ ನಂಬಿಕೆಯ ಫಲ. 1920ರ ದಶಕದಲ್ಲಿ ಸರ್ಜ್ ವೊರೊನಾಫ್ ಎಂಬ ಶಸ್ತ್ರವೈದ್ಯ ಮಂಗಗಳ ವೃಷಣದ ತುಣುಕುಗಳನ್ನು ಶ್ರೀಮಂತ ಮುದುಕರಿಗೆ ಕಸಿ ಮಾಡಿ ಹೆಸರು ಮಾಡಿದ್ದೂ ಇದೇ ಭ್ರಮೆಯ ಮುಂದುವರಿಕೆ.

ಹೋರಿಯಿಂದ ಬಂದ ಹರಳು

ನಿಜವಾದ ವಸ್ತು ಸಿಕ್ಕಿದ್ದು ಹೋರಿಯಿಂದಲೇ. 1927ರಲ್ಲಿ ಶಿಕಾಗೋದ ಫ್ರೆಡ್ ಕಾಕ್ ಮತ್ತು ಆತನ ಶಿಷ್ಯ ಮೆಗೀ ಸುಮಾರು 18 ಕಿಲೋ ಹೋರಿ ವೃಷಣದಿಂದ 20 ಮಿಲಿಗ್ರಾಂ ಸಾರ ತೆಗೆದರು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಎರ್ನ್‌ಸ್ಟ್ ಲಾಕರ್ ತಂಡ ಹೋರಿ ವೃಷಣದಿಂದಲೇ ಶುದ್ಧ ಹರಳನ್ನು ಬೇರ್ಪಡಿಸಿ ಅದಕ್ಕೆ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬ್ಯೂಟೆನಾಂಟ್ ಮತ್ತು ರುಜಿಕಾ ಬೇರೆ ಬೇರೆಯಾಗಿ ಕೊಲೆಸ್ಟೆರಾಲ್‌ನಿಂದ ಅದನ್ನು ತಯಾರಿಸಿ ತೋರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಈ ಇಬ್ಬರೂ ಹಂಚಿಕೊಂಡರು.

ಔಷಧ ಕೈಗೆ ಬಂದೊಡನೆ ತೊಂದರೆಗಳೂ ಬಂದವು. ನುಂಗಿದ ಟೆಸ್ಟೋಸ್ಟೆರಾನನ್ನು ಪಿತ್ತಜನಕಾಂಗ ಒಡೆದುಹಾಕುತ್ತದೆ. ಅದನ್ನು ತಪ್ಪಿಸಲು ರೂಪ ಬದಲಿಸಿ ಮಾಡಿದ ಮೀಥೈಲ್ ಟೆಸ್ಟೋಸ್ಟೆರಾನ್ ಮಾತ್ರೆ ಪಿತ್ತಜನಕಾಂಗಕ್ಕೇ ಪೆಟ್ಟು ಕೊಟ್ಟಿತು. 1950ರ ದಶಕದಲ್ಲಿ ಬಳಕೆಗೆ ಬಂದ ಎಣ್ಣೆಯ ಚುಚ್ಚುಮದ್ದಿನಲ್ಲಿ ಆ ಭಯವಿಲ್ಲ. ಆದರೆ ಚುಚ್ಚಿದ ಮೊದಲ ದಿನಗಳಲ್ಲಿ ಮಟ್ಟ ವಿಪರೀತ ಏರಿ, ಮುಂದಿನ ಸೂಜಿಯ ಹೊತ್ತಿಗೆ ಪಾತಾಳಕ್ಕೆ ಇಳಿಯುತ್ತದೆ. ಅದರೊಡನೆ ಮನಸ್ಸಿನ ಉಮೇದೂ ಏರಿಳಿಯುತ್ತದೆ. 1990ರ ದಶಕದಲ್ಲಿ ಮೈಗೆ ಅಂಟಿಸುವ ಪಟ್ಟಿ, 2000ದಲ್ಲಿ ಚರ್ಮಕ್ಕೆ ಹಚ್ಚುವ ಜೆಲ್, ಆನಂತರ ಎರಡೂವರೆ ಮೂರು ತಿಂಗಳಿಗೊಮ್ಮೆ ಕೊಡುವ ಸೂಜಿ ಬಂದದ್ದು ಈ ಏರಿಳಿತ ತಗ್ಗಿಸಲು. ಜೆಲ್‌ಗೂ ತನ್ನದೇ ತೊಡಕಿದೆ. ಹಚ್ಚಿಕೊಂಡವನ ಮೈ ಸೋಕಿದ ಮಕ್ಕಳಲ್ಲಿ ಅಕಾಲ ಪ್ರೌಢತೆಯ ಚಿಹ್ನೆ ಕಂಡುದರಿಂದ 2009ರಲ್ಲಿ ಅಮೆರಿಕದ ಔಷಧ ಇಲಾಖೆ ಅದರ ಮೇಲೆ ಎಚ್ಚರಿಕೆ ಮುದ್ರಿಸಲು ಆದೇಶಿಸಿತು.

ತೂಬು ಮುಚ್ಚುವ ಮೆದುಳು

ಈ ಚಿಕಿತ್ಸೆಯ ಅತಿ ದೊಡ್ಡ ಪರಿಣಾಮ ಹೊರನೋಟಕ್ಕೆ ಕಾಣದು. ಹಿಡಕಲ್ ಜಲಾಶಯದ ನೀರು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗೆ ಕಾಲುವೆ ತುಂಬಿದ್ದರೆ ಮೇಲಿನ ತೂಬು ಮುಚ್ಚುತ್ತಾರೆ. ದೇಹದಲ್ಲಿ ತೂಬು ನೋಡಿಕೊಳ್ಳುವುದು ಮೆದುಳು ಮತ್ತು ಅದರ ಬುಡದ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಸಾಕಷ್ಟು ಟೆಸ್ಟೋಸ್ಟೆರಾನ್ ಇದ್ದರೆ ಪಿಟ್ಯುಟರಿ ವೃಷಣಕ್ಕೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ಅದು ಹೊರಗಿನದೋ ಒಳಗಿನದೋ ಎಂಬ ಭೇದ ಅದಕ್ಕಿಲ್ಲ. ಆಜ್ಞೆ ನಿಂತರೆ ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ಉತ್ಪತ್ತಿ ಇಳಿಯುತ್ತದೆ. ವೀರ್ಯಾಣು ಬೆಳೆಯಲು ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಬೇಕು. ಸೂಜಿ ಅದನ್ನು ಒದಗಿಸಲಾರದು.

ವಿಶ್ವ ಆರೋಗ್ಯ ಸಂಸ್ಥೆ ಇದೇ ಗುಣವನ್ನು ಗಂಡಸರ ಸಂತಾನ ನಿಯಂತ್ರಣಕ್ಕೆ ಬಳಸಿ ನೋಡಿತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಸೂಜಿ ಪಡೆದ ಆರೋಗ್ಯವಂತರಲ್ಲಿ ಬಹುಪಾಲು ಜನರ ವೀರ್ಯದಲ್ಲಿ ಆರು ತಿಂಗಳೊಳಗೆ ವೀರ್ಯಾಣುವೇ ಇಲ್ಲವಾಯಿತು. ಮಗು ಬೇಕೆಂದು ಹಂಬಲಿಸುವ ಗಂಡಸು 'ಶಕ್ತಿ ಬರಲಿ' ಎಂದು ಈ ಸೂಜಿ ಚುಚ್ಚಿಸಿಕೊಂಡರೆ ಆಗುವ ಅನ್ಯಾಯ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ. ಸೂಜಿ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಉತ್ಪತ್ತಿ ಮರಳುತ್ತದೆ. ಆದರೆ ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಮಕ್ಕಳನ್ನು ಬಯಸುವವರಲ್ಲಿ ದೋಷ ಪಿಟ್ಯುಟರಿಯದಾಗಿದ್ದರೆ, ಅದರ ಆಜ್ಞೆಯನ್ನೇ ಅನುಕರಿಸುವ ಬೇರೆ ಚುಚ್ಚುಮದ್ದುಗಳನ್ನು ತಜ್ಞರು ಕೊಡುತ್ತಾರೆ.

ಗಂಡಸಿಗೂ ಬೇಕು ಸ್ತ್ರೀ ರಸದೂತ

ಟೆಸ್ಟೋಸ್ಟೆರಾನ್‌ನ ಒಂದು ಪಾಲು ದೇಹದಲ್ಲೇ ಈಸ್ಟ್ರಡಯಾಲ್ ಎಂಬ ಸ್ತ್ರೀ ರಸದೂತವಾಗಿ ಮಾರ್ಪಡುತ್ತದೆ. ಬೊಜ್ಜು ಹೆಚ್ಚಿದ್ದರೆ ಈ ಮಾರ್ಪಾಡೂ ಹೆಚ್ಚು. ಕೆಲವರ ಎದೆ ಉಬ್ಬಿ ನೋಯುವುದು ಇದರಿಂದ. ಹಾಗೆಂದು ಮಾತ್ರೆ ನುಂಗಿ ಈಸ್ಟ್ರಡಯಾಲನ್ನು ಪೂರ್ತಿ ತಡೆಯುವುದು ಸರಿಯಲ್ಲ. ಅದು ತೀರ ಇಳಿದರೆ ಗಂಡಸಿನಲ್ಲೂ ಬೊಜ್ಜು ಬೆಳೆಯುತ್ತದೆ, ಕಾಮಾಸಕ್ತಿ ಕುಂದುತ್ತದೆ ಎಂದು 2013ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೂಳೆಯ ಗಟ್ಟಿತನಕ್ಕೂ ಅದು ಅಗತ್ಯ. ಆದ್ದರಿಂದ ವೈದ್ಯರು ಮೊದಲು ಮಾಡುವುದು ಟೆಸ್ಟೋಸ್ಟೆರಾನ್ ಪ್ರಮಾಣವನ್ನು ಇಳಿಸುವುದು ಅಥವಾ ಸಣ್ಣ ಸಣ್ಣ ಪ್ರಮಾಣದಲ್ಲಿ ಹಂಚಿ ಕೊಡುವುದು.

ಇನ್ನೊಂದು ತೊಂದರೆ ರಕ್ತ ಗಟ್ಟಿಯಾಗುವುದು. ಟೆಸ್ಟೋಸ್ಟೆರಾನ್ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಅವುಗಳ ಪಾಲು ಶೇಕಡಾ 54 ಮೀರಿದರೆ ಔಷಧ ನಿಲ್ಲಿಸಬೇಕು ಅಥವಾ ಕಡಿಮೆ ಮಾಡಬೇಕು ಎಂಬುದು ಒಪ್ಪಿತ ನಿಯಮ. ಪ್ರಾಸ್ಟೇಟ್ ಕ್ಯಾನ್ಸರ್ ಬಗೆಗಿನ ಎಚ್ಚರಿಕೆ ಇನ್ನೂ ಹಳೆಯದು. 1941ರಲ್ಲಿ ಶಿಕಾಗೋದ ಚಾರ್ಲ್ಸ್ ಹಗಿನ್ಸ್ ವೃಷಣ ತೆಗೆದರೆ ಆ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿ 1966ರಲ್ಲಿ ನೊಬೆಲ್ ಪಡೆದ. ಹೃದಯದ ಮಾತಿಗೆ ಬಂದರೆ, 2023ರಲ್ಲಿ ಪ್ರಕಟವಾದ, 5,200ಕ್ಕೂ ಹೆಚ್ಚು ಪುರುಷರ ಅಧ್ಯಯನದಲ್ಲಿ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಹೃದಯ ಬಡಿತದ ಲಯ ತಪ್ಪುವುದು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚು ಕಂಡವು.

ಅಳತೆಯೇ ಔಷಧ

ಹಾಗಾದರೆ ಈ ಚಿಕಿತ್ಸೆ ಬೇಡವೇ? ಬೇಕಾದವರು ನಿಶ್ಚಯವಾಗಿ ಇದ್ದಾರೆ. ಮಂಗನಬಾವು ವೃಷಣಕ್ಕಿಳಿದು ಹಾಳಾದವರು, ಪಿಟ್ಯುಟರಿ ಗಡ್ಡೆಯವರು, 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ವಿವರಿಸಿದ ಹುಟ್ಟು ದೋಷದವರು ಇದರಿಂದ ಮೂಳೆ, ಸ್ನಾಯು, ಉತ್ಸಾಹ ಎಲ್ಲವನ್ನೂ ಮರಳಿ ಪಡೆಯುತ್ತಾರೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವ ಲಿಂಗಾಂತರಿಗಳಿಗೂ ಇದೇ ಔಷಧ. ಆದರೆ ಬೆಳಗಿನ ಹೊತ್ತು ಎರಡು ಸಲ ರಕ್ತ ಪರೀಕ್ಷಿಸಿ, ಲಕ್ಷಣವೂ ಕೂಡಿದ್ದರೆ ಮಾತ್ರ ಕೊರತೆ ಎನ್ನಬೇಕು. ಚಿಕಿತ್ಸೆ ಆರಂಭಿಸಿದ ಮೂರರಿಂದ ಆರು ತಿಂಗಳೊಳಗೆ, ಮುಂದೆ ವರ್ಷಕ್ಕೊಮ್ಮೆಯಾದರೂ ರಸದೂತದ ಮಟ್ಟ, ಕೆಂಪು ಕಣ, ವಯಸ್ಸಾದವರಲ್ಲಿ ಪ್ರಾಸ್ಟೇಟ್ ನೋಡಬೇಕು. ಭಾರತದಲ್ಲಿ ಇದು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ. ಮೈಕಟ್ಟಿನ ಆಸೆಗೆ, ಗರಡಿ ಅಥವಾ ಜಿಮ್ಮಿನ ಗೆಳೆಯರ ಮಾತಿಗೆ ಚುಚ್ಚಿಕೊಳ್ಳುವಂಥದಲ್ಲ.

ಬ್ರೌನ್ ಸೆಕಾರ್‌ನ ಕಾಲದಲ್ಲಿ ಔಷಧದೊಳಗೆ ಏನೂ ಇರಲಿಲ್ಲ, ನಂಬಿಕೆ ಮಾತ್ರ ಇತ್ತು. ಇಂದಿನ ಸೀಸೆಯಲ್ಲಿ ನಿಜವಾದ ಕಸುವು ಇದೆ. ಅಳತೆ ತಪ್ಪಿದರೆ ಅದರ ಪೆಟ್ಟೂ ನಿಜವಾದದ್ದೇ.