ಹೊಟ್ಟೆಕಿಚ್ಚು ಕಟ್ಟಿಸಿದ ಅರಮನೆಗಳು

ಅರಮನೆ ಅಂದ ತಕ್ಷಣ ನಮಗೆ ನೆನಪಾಗೋದು ರಾಜ. ಆದ್ರೆ ಇಟಲಿಯ ಫ್ಲಾರೆನ್ಸ್‌ನಲ್ಲಿ 15ನೇ ಶತಮಾನದಲ್ಲಿ ಒಂದರ ಹಿಂದೊಂದು ಅರಮನೆ ಎದ್ದು ನಿಂತಾಗ ಅಲ್ಲಿ ರಾಜನೇ ಇರಲಿಲ್ಲ! ಅದು ಗಣರಾಜ್ಯ. ಹಾಗಾದ್ರೆ ಕಟ್ಟಿಸಿದವರು ಯಾರು? ಬ್ಯಾಂಕ್ ನಡೆಸುತ್ತಿದ್ದವರು, ಉಣ್ಣೆ-ರೇಷ್ಮೆ ವ್ಯಾಪಾರಿಗಳು. ಯಾಕೆ ಕಟ್ಟಿಸಿದರು? ಆ ಊರಿನಲ್ಲಿ ಅರ್ಧ ದಿನ ಕಾಲ್ನಡಿಗೆಯಲ್ಲಿ ಸುತ್ತಿದರೆ ಉತ್ತರ ಸಿಗುತ್ತೆ.

ಮೊದಲು ಮೆಡಿಚಿ ಅರಮನೆ. ಕೊಸಿಮೊ ಮೆಡಿಚಿ ಹೆಸರಿಗೆ ಒಬ್ಬ ಸಾಮಾನ್ಯ ನಾಗರಿಕ, ಆದರೆ ಊರೆಲ್ಲಾ ಆತನ ಮುಷ್ಟಿಯಲ್ಲಿ. ಕೆಥೆಡ್ರಲ್ಲಿನ ಆ ಮಹಾ ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿ ಈತನಿಗೊಂದು ಭರ್ಜರಿ ಅರಮನೆಯ ಮಾದರಿ ಮಾಡಿಕೊಟ್ಟನಂತೆ. ‘ಇಷ್ಟು ಆಡಂಬರ ಬೇಡ, ಜನರ ಕಣ್ಣು ಬೀಳುತ್ತೆ’ ಅಂತ ಕೊಸಿಮೊ ಬೇಡ ಅಂದ. ಸಿಟ್ಟಿಗೆದ್ದ ಬ್ರುನೆಲೆಸ್ಕಿ ಮಾದರಿಯನ್ನೇ ಪುಡಿಪುಡಿ ಮಾಡಿದ. ಇದು ನೂರು ವರ್ಷದ ನಂತರ ವಸಾರಿ ಬರೆದಿಟ್ಟ ಕತೆ. ಕೊನೆಗೆ 1444ರಲ್ಲಿ ಮಿಕೆಲೊಟ್ಸೊ ಕೈಯಲ್ಲಿ ‘ಸರಳ’ ಮನೆ ಶುರುವಾಯ್ತು. ಸರಳ ಅಂದ್ರೆ ಎಷ್ಟು ಸರಳ? ಕೆಳಗಿನ ಅಂತಸ್ತಿಗೆ ಕೋಟೆಯಂಥ ಒರಟು ಕಲ್ಲು, ಮೇಲೆ ಹೋದಂತೆ ನಯ. ಬೀದಿಗೆ ಮುಖ ಮಾಡಿ ಉದ್ದಕ್ಕೂ ಕಲ್ಲಿನ ಬೆಂಚು. ಸಾಲ ಬೇಕಾದವರು, ಶಿಫಾರಸು ಬೇಕಾದವರು ಕಾದು ಕೂರಬೇಕಲ್ಲ!

ಅಲ್ಲಿಂದ ಹತ್ತು ಹನ್ನೆರಡು ನಿಮಿಷ ನಡೆದರೆ ಸ್ಟ್ರೋಟ್ಸಿ ಅರಮನೆ. ನನಗೆ ತುಂಬಾ ಇಷ್ಟವಾದ ಕತೆ ಇಲ್ಲಿಯದು. ಕೊಸಿಮೊ ಕೈ ಮೇಲಾದಾಗ ಗಡಿಪಾರಾದ ಮನೆತನ ಇದು. ಫಿಲಿಪ್ಪೊ ಸ್ಟ್ರೋಟ್ಸಿ ನೇಪಲ್ಸ್‌ನಲ್ಲಿ ದುಡ್ಡು ಮಾಡಿ 1466ರಲ್ಲಿ ವಾಪಸ್ ಬಂದ. ಅರಮನೆ ಕಟ್ಟುವ ಆಸೆ. ಆದ್ರೆ ಮೆಡಿಚಿಗಳನ್ನು ಎದುರು ಹಾಕಿಕೊಳ್ಳೋದು ಹೇಗೆ? ‘ಕೆಳಗೆ ಬಾಡಿಗೆ ಅಂಗಡಿ ಇರೋ ಒಂದು ಸಾಧಾರಣ ಮನೆ ಸಾಕು’ ಅಂತ ನಾಟಕ ಆಡಿದ. ಕೊಸಿಮೊನ ಮೊಮ್ಮಗ ಲೊರೆಂಜೊ ತಾನೇ, ಊರಿಗೆ ಕಳೆ ಬರುವ ಹಾಗೆ ದೊಡ್ಡದಾಗಿ ಕಟ್ಟು ಅಂದ! ಇದನ್ನು ಬರೆದಿಟ್ಟವನು ಫಿಲಿಪ್ಪೊನ ಮಗನೇ.

ಜ್ಯೋತಿಷಿಗಳು ಇಟ್ಟುಕೊಟ್ಟ ಮುಹೂರ್ತದಲ್ಲಿ, 1489ರ ಆಗಸ್ಟ್ 6ರಂದು ಅಡಿಪಾಯ ಬಿತ್ತು. ಎದುರಿಗೇ ಲೂಕಾ ಲಂಡುಚಿ ಅನ್ನೋ ಔಷಧಿ ವ್ಯಾಪಾರಿಯ ಅಂಗಡಿ. ಬೀದಿ ತುಂಬಾ ಕಲ್ಲುಮಣ್ಣು, ಹೇಸರಗತ್ತೆಗಳ ಸಾಲು, ಧೂಳು, ನಮ್ಮಂಥ ಅಂಗಡಿಯವರಿಗೆ ಬದುಕೋದೇ ಕಷ್ಟ ಅಂತ ಆತ ದಿನಚರಿಯಲ್ಲಿ ಗೋಳಾಡಿಕೊಂಡಿದ್ದಾನೆ. ಪ್ರವಾಸಿಗರ ಕ್ಯಾಮೆರಾಗೆ ಆ ಧೂಳು ಕಾಣೋದಿಲ್ಲ ಬಿಡಿ. ಮುಹೂರ್ತ ನೋಡಿ ಕಲ್ಲು ಇಟ್ಟ ಫಿಲಿಪ್ಪೊ ಎರಡೇ ವರ್ಷಕ್ಕೆ, 1491ರಲ್ಲಿ, ಸತ್ತ. ಮೇಲಿನ ಕಲ್ಲಿನ ಸೂರಂಚು ಒಂದು ಕಡೆ ಇವತ್ತಿಗೂ ಅಪೂರ್ಣ.

ಇನ್ನು ಪೋಂಟೆ ವೆಕ್ಕಿಯೊ ಸೇತುವೆ ಮೇಲೆ ಅರ್ನೊ ನದಿ ದಾಟಿ. ಎದುರಾಗೋದು ಪಿಟ್ಟಿ ಅರಮನೆ. ಲೂಕಾ ಪಿಟ್ಟಿ 1458ರಲ್ಲಿ ಶುರು ಮಾಡಿಸಿದ್ದು. ಮೆಡಿಚಿಗಳ ಬಾಗಿಲಿಗಿಂತ ನನ್ನ ಕಿಟಕಿ ದೊಡ್ಡದಿರಬೇಕು ಅಂದಿದ್ದನಂತೆ. ಜನ ಕಟ್ಟಿದ ಕತೆಯೂ ಇರಬಹುದು. ಆದರೆ ಮೆಡಿಚಿಗಳನ್ನು ಕೆಳಗಿಳಿಸುವ 1466ರ ಸಂಚಿನಲ್ಲಿ ಆತ ಇದ್ದದ್ದು ನಿಜ, ಮಧ್ಯದಲ್ಲೇ ಪಕ್ಷ ಬದಲಾಯಿಸಿದ್ದೂ ನಿಜ. ಜೀವ ಉಳೀತು, ಮಾನ ಹೋಯ್ತು. 1472ರಲ್ಲಿ ಸಾಯುವಾಗಲೂ ಅರಮನೆ ಅರ್ಧಂಬರ್ಧ. 1549ರಲ್ಲಿ ಅದನ್ನು ಕೊಂಡವರು ಯಾರು ಗೊತ್ತಾ? ಆಗ ಫ್ಲಾರೆನ್ಸಿನ ಡ್ಯೂಕ್ ಆಗಿದ್ದ ಮೆಡಿಚಿ ವಂಶದ ಮೊದಲನೇ ಕೊಸಿಮೊನ ಹೆಂಡತಿ ಎಲಿಯನೋರ! ಯಾರನ್ನು ಮೀರಿಸಬೇಕು ಅಂತ ಕಟ್ಟಿದನೋ, ಅವರೇ ಬಂದು ಒಕ್ಕಲಾದರು. ಹೆಸರು ಮಾತ್ರ ಇವತ್ತಿಗೂ ಪಿಟ್ಟಿ.

ಆ ಮೆಡಿಚಿಗಳೂ ಉಳಿಯಲಿಲ್ಲ. 1737ರಲ್ಲಿ ಕೊನೆಯ ಡ್ಯೂಕ್ ಮಕ್ಕಳಿಲ್ಲದೆ ತೀರಿಕೊಂಡ, ರಾಜ್ಯ ಲೊರೇನ್ ಮನೆತನದ ಪಾಲಾಯ್ತು. ಉಳಿದವಳು ಆತನ ಅಕ್ಕ ಅನ್ನಾ ಮರಿಯಾ ಲೂಯಿಸಾ. ಆಕೆಗೂ ಮಕ್ಕಳಿಲ್ಲ. ಕೈಯಲ್ಲಿ ಅಧಿಕಾರ ಇಲ್ಲ, ಆದರೆ ತಲೆಮಾರುಗಳಿಂದ ಕೂಡಿಟ್ಟ ಚಿತ್ರ, ಶಿಲ್ಪ, ಪುಸ್ತಕ, ಒಡವೆ ಎಲ್ಲ ಆಕೆಯದು. ಹೊಸ ದೊರೆಗಳ ಜೊತೆ ಒಪ್ಪಂದ ಮಾಡಿಕೊಂಡಳು. ಎಲ್ಲ ನಿಮಗೇ, ಆದರೆ ಒಂದೇ ಒಂದು ವಸ್ತುವೂ ಫ್ಲಾರೆನ್ಸ್ ಬಿಟ್ಟು ಆಚೆ ಹೋಗಕೂಡದು. ಕಾರಣವನ್ನೂ ಬರೆಸಿದಳು: ರಾಜ್ಯಕ್ಕೆ ಶೋಭೆ, ಜನರಿಗೆ ಉಪಯೋಗ, ಹೊರಗಿನವರ ಕುತೂಹಲ ಸೆಳೆಯಲಿಕ್ಕೆ. 1743ರ ಫೆಬ್ರವರಿಯಲ್ಲಿ ಆಕೆ ಕಣ್ಣುಮುಚ್ಚಿದ್ದು ಇದೇ ಪಿಟ್ಟಿ ಅರಮನೆಯಲ್ಲಿ.