ಉದ್ಭವ: ಶಿವಗಂಗೆಯ ಶಿಲೆ ಹಾಗೂ ನೆಲ ಮೇಲೇಳುವ ಕಲ್ಪನೆ

ಬೆಂಗಳೂರು ಗ್ರಾಮಾಂತರ ಪ್ರದೇಶದ ಸ್ಥಳಪುರಾಣಗಳನ್ನು ಅಭ್ಯಸಿಸುವವರಿಗೆ 'ಉದ್ಭವ' ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿಯಲ್ಲಿ ಸುಬ್ರಹ್ಮಣ್ಯ ಮತ್ತು ನರಸಿಂಹರು ಒಂದೇ ಶಿಲೆಯಲ್ಲಿ ನೆಲದಿಂದ ಮೂಡಿದರೆಂಬ ನಂಬಿಕೆಯಿದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಬೆಟ್ಟವೇ ದೈವವಾಗಿದ್ದು, ನಾಲ್ಕು ದಿಕ್ಕುಗಳಿಂದ ನೋಡುವವರಿಗೆ ಅದು ನಂದಿಯಾಗಿ, ಗಣಪತಿಯಾಗಿ, ಸರ್ಪವಾಗಿ, ಲಿಂಗವಾಗಿ ಕಾಣುವುದೆಂದು ಹೇಳುತ್ತಾರೆ. ಅಲ್ಲಿನ ಪಾತಾಳಗಂಗೆಯ ಹೆಸರಿನಲ್ಲಿಯೇ ಕೆಳಗಿನಿಂದ ಮೇಲಕ್ಕೆ ಬರುವಿಕೆಯ ಕಲ್ಪನೆ ಅಡಗಿದೆ. ಹಿಂದೊಮ್ಮೆ ವಿಚಾರಸಂಕಿರಣವೊಂದರಲ್ಲಿ ಈ ಲೇಖಕನು, ಉದ್ಭವದ ಕಲ್ಪನೆಯೇ ಜನಪದರ ಭೂವಿಜ್ಞಾನವೆಂದು ಉತ್ಸಾಹದಿಂದ ವಾದಿಸಿದ್ದುಂಟು. ಆ ಮಾತನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಹೇಗೆ ತಿದ್ದಿಕೊಳ್ಳಬೇಕೆಂಬುದೇ ಪ್ರಸ್ತುತ ಬರಹದ ವಿಷಯ.

ಈ ಸೀಮೆಯ ಜನರು ನೆಲದಿಂದ ಮೇಲೇಳುವ ಮೂರು ವಸ್ತುಗಳನ್ನು ಕಂಡಿದ್ದಾರೆ: ಉಪ್ಪು, ಮಣ್ಣು ಮತ್ತು ಕಲ್ಲು. ಸವುಳು ಭೂಮಿಯಲ್ಲಿ ಬೇಸಿಗೆಗೆ ಬೆಳ್ಳಗೆ ಉಪ್ಪು ಒಡೆಯುತ್ತದೆ. ಹಿಂದೆ ಆ ಮಣ್ಣನ್ನು ತೊಳೆದು ಉಪ್ಪು ತೆಗೆಯುವುದು ಉಪ್ಪಾರರ ವೃತ್ತಿಯಾಗಿತ್ತು. ಹುತ್ತವಂತೂ ನೋಡನೋಡುತ್ತಿದ್ದಂತೆ ಬೆಳೆಯುವ ಮಣ್ಣು. ಆದರೆ ಇವೆರಡರಲ್ಲಿಯೂ ಹಗುರಾದದ್ದು ತೇಲಿ ಮೇಲೇಳುವ ಕ್ರಿಯೆಯಿಲ್ಲ. ಉಪ್ಪನ್ನು ತರುವುದು ಮಣ್ಣಿನ ಸೂಕ್ಷ್ಮರಂಧ್ರಗಳಲ್ಲಿ ಏರಿ ಆವಿಯಾಗುವ ನೀರು. ಮಣ್ಣನ್ನು ತರುವುದು ಗೆದ್ದಲು. ಉಪ್ಪಿನ ದಪ್ಪ ಪದರವು ಮೇಲಿನ ಭಾರವಾದ ಶಿಲೆಗಳನ್ನು ಭೇದಿಸಿ ಗುಮ್ಮಟವಾಗಿ ಏಳುವುದನ್ನು ನೋಡಬೇಕಾದರೆ ಇರಾನಿನ ಜಾಗ್ರೋಸ್ ಪರ್ವತಗಳಿಗೆ ಹೋಗಬೇಕು. ಅನಿಲದೊಡನೆ ಕೆಸರು ಉಕ್ಕುವುದನ್ನು ನೋಡಬೇಕಾದರೆ ಅಂಡಮಾನಿನ ಬಾರಾಟಾಂಗ್ ದ್ವೀಪಕ್ಕೆ. ನಮ್ಮಲ್ಲಿ ತನ್ನ ಹಗುರತನದಿಂದಲೇ ಮೇಲೆದ್ದದ್ದು ಕಲ್ಲೊಂದೇ.

ಆ ಕಲ್ಲಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಟಿಪ್ಪುವಿನ ಕಾಲದ ಶಂಸೇರಾಬಾದ್, 1799ರ ನಂತರ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು, ಅನಂತರ ರಾಮನಗರವಾಯಿತು. ಊರು ಹೆಸರು ಬದಲಿಸಿದರೂ ಶಿಲೆ ಬದಲಿಸಲಿಲ್ಲ. 1986ರಲ್ಲಿ ಗ್ರಾಮಾಂತರ ಜಿಲ್ಲೆ ರಚನೆಯಾದಾಗಿನಿಂದ 2007ರವರೆಗೆ ರಾಮನಗರ, ಮಾಗಡಿ, ಕನಕಪುರಗಳೂ ಇದೇ ಜಿಲ್ಲೆಯಲ್ಲಿದ್ದುದರಿಂದ ಈ ಶಿಲೆಯ ಚರಿತ್ರೆಯನ್ನು ಇಂದಿನ ಗಡಿಯೊಳಗೆ ಮಾತ್ರ ನೋಡಲು ಬರುವುದಿಲ್ಲ. ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ.ಗಳಷ್ಟು ಚಾಚಿರುವ ಈ ಕಿರಿದಾದ ಪಟ್ಟಿಯಲ್ಲಿ ರಾಮನಗರದ ಬೆಟ್ಟಗಳು, ಸಾವನದುರ್ಗ, ಶಿವಗಂಗೆ, ಮಧುಗಿರಿ ಸಾಲುಗೊಂಡಿವೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಪೂರ್ವದ ದೇವನಹಳ್ಳಿ, ಹೊಸಕೋಟೆಗಳ ತಳದಲ್ಲಿ ಬಹುಮಟ್ಟಿಗೆ ಇದಕ್ಕಿಂತ ಹಳೆಯದಾದ ನೈಸ್ ಶಿಲೆಯಿದೆ; ಲಾಲ್‌ಬಾಗಿನ ಬಂಡೆ ಅದರ ಪ್ರಸಿದ್ಧ ಮಾದರಿ.

1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಪ್ರಕಟಿಸಿದ ಮೈಸೂರಿನ ಭೂಚರಿತ್ರೆಯ ರೂಪರೇಖೆಯಲ್ಲಿ ಈ ಶಿಲೆಗಳ ಕ್ರಮವನ್ನು ಗುರುತಿಸಿದರು. 1956ರಲ್ಲಿ ಬಿ. ಪಿ. ರಾಧಾಕೃಷ್ಣ ಅವರು ಕ್ಲೋಸ್‌ಪೇಟೆ ಗ್ರಾನೈಟನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಹೊರತಂದರು. ಗ್ರಾನೈಟು ಕರಗಿ ಮೇಲೆದ್ದುದೋ ಅಥವಾ ಇದ್ದಲ್ಲಿಯೇ ಹಳೆಯ ಶಿಲೆ ಮಾರ್ಪಟ್ಟು ಆದುದೋ ಎಂಬ ವಿವಾದ ಜಗತ್ತಿನಾದ್ಯಂತ ನಡೆಯುತ್ತಿದ್ದ ಕಾಲವದು. ಕರಗಿ ಮೇಲೆದ್ದುದಾದರೆ ಇಷ್ಟು ದೊಡ್ಡ ರಾಶಿಗೆ ಜಾಗ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಸುಲಭ ಉತ್ತರವಿರಲಿಲ್ಲ. 1960ರಲ್ಲಿ ಸಿ. ಎಸ್. ಪಿಚ್ಚಮುತ್ತು ಅವರು 'ನೇಚರ್' ಪತ್ರಿಕೆಯಲ್ಲಿ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಶಿಲೆಯನ್ನು ವರ್ಣಿಸಿದರು. ನೈಸ್ ಶಿಲೆ ಚಾರ್ನಕೈಟ್ ಆಗಿ ಮಾರ್ಪಡುತ್ತಿರುವ ಹಂತವನ್ನು ಅಲ್ಲಿ ಕಣ್ಣಾರೆ ಕಾಣಬಹುದಾಗಿತ್ತು.

ಇಂದಿನ ತಿಳಿವಳಿಕೆಯಂತೆ ಈ ಪಟ್ಟಿಯ ಉದ್ದಕ್ಕೂ ನಡೆಯುವುದೆಂದರೆ ಭೂಗರ್ಭದಲ್ಲಿ ಮೆಟ್ಟಿಲು ಹತ್ತಿದಂತೆ. ಇಲ್ಲಿನ ನೆಲ ವಾಲಿಕೊಂಡು ಸವೆದಿರುವುದರಿಂದ ದಕ್ಷಿಣದಲ್ಲಿ ಒಂದು ಕಾಲಕ್ಕೆ ಸುಮಾರು 20ರಿಂದ 25 ಕಿ.ಮೀ. ಆಳದಲ್ಲಿದ್ದ ಶಿಲೆಗಳು ಹೊರಬಿದ್ದಿವೆ. ಉತ್ತರಕ್ಕೆ ಸರಿದಂತೆ ಕಡಿಮೆ ಆಳದವು ಕಾಣುತ್ತವೆ. ಘನಶಿಲೆಗಿಂತ ಹಗುರಾದ ಶಿಲಾಪಾಕವು ನೀರಿನ ತಳದಿಂದ ಎಣ್ಣೆಯ ಹನಿ ಏಳುವಂತೆ ಮೇಲೇರಿತು ಎನ್ನುವುದು ಅರ್ಧಸತ್ಯ ಮಾತ್ರ. ತೇಲುವ ಬಲವಿದ್ದರೂ ದಾರಿ ಬೇಕು. ನೆಲವನ್ನು ದಕ್ಷಿಣೋತ್ತರವಾಗಿ ಎಳೆದು ಸರಿಸುತ್ತಿದ್ದ ಬಿರುಕುವಲಯ ಆ ದಾರಿಯನ್ನು ಒದಗಿಸಿತು. ಏರುತ್ತ ಏರುತ್ತ ಪಾಕ ತಣಿದು, ಹರಳುಗಟ್ಟಿ, ಗಂಜಿಯಂತೆ ಮಂದವಾಯಿತು. ಉತ್ತರದಲ್ಲಿ ಒಂದೆಡೆ ಪಟ್ಟಿ ಕಡಿದುಹೋಗಿ, ಆಚೆಗೆ ಬಿಡಿಬಿಡಿ ರಾಶಿಗಳಾಗಿ ಕಾಣಿಸಿಕೊಳ್ಳುತ್ತದೆ. ಹರಳು ತುಂಬಿದ ಪಾಕ ಕೆಳಗೇ ತಡೆದು ನಿಂತು, ತೆಳುಪಾಕವಷ್ಟೇ ಕಿರುಬಿರುಕುಗಳಲ್ಲಿ ಸೋಸಿಹೋಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಮುಂದೆ, ಸುಮಾರು 237 ಕೋಟಿ ವರ್ಷಗಳ ಹಿಂದೆ, ಇನ್ನೂ ತೆಳುವಾದ ಕಪ್ಪು ಪಾಕವು ಪೂರ್ವಪಶ್ಚಿಮದ ಬಿರುಕುಗಳಲ್ಲಿ ನುಗ್ಗಿ ಗೋಡೆಗಳಂತೆ ನಿಂತಿತು. ಈ ಭಾಗದ ಕರಿಕಲ್ಲಿನ ಸಾಲುಗಳು ಅವೇ.

ಹಾಗಾದರೆ ಶಿವಗಂಗೆ ಮೂಡಿದ ಬೆಟ್ಟವೇ? ಶಿಲೆ ಮೂಡಿದ್ದು ನಿಜ, ಬೆಟ್ಟ ಮೂಡಲಿಲ್ಲ. ಪಾಕ ನೆಲದ ಮೇಲಕ್ಕೆ ಬರಲೇ ಇಲ್ಲ. ಕಿಲೋಮೀಟರುಗಟ್ಟಲೆ ಆಳದಲ್ಲಿಯೇ ಹೆಪ್ಪುಗಟ್ಟಿತು. ಮೇಲಿದ್ದುದು ಮತ್ತು ಸುತ್ತಲಿದ್ದುದು ಮಳೆ ಬಿಸಿಲುಗಳಿಗೆ ಸವೆದುಹೋದಾಗ ಗಟ್ಟಿಯಾದದ್ದು ಉಳಿಯಿತು. ಬೆಳೆಯುವ ಬೆಟ್ಟವೆಂದು ಕಥೆ ಹೇಳುವಲ್ಲಿ ಶಾಸ್ತ್ರವು ಕುಸಿದ ನೆಲವನ್ನು ಕಾಣುತ್ತದೆ. ಉದ್ಭವದ ಕಥೆ ದೈವದ ಪ್ರತ್ಯಕ್ಷತೆಯನ್ನು ಹೇಳುವಂಥದು. ಅದನ್ನು ಶಿಲಾಪಾಕದ ಚಲನೆಗೆ ಸಮೀಕರಿಸಿದರೆ ಕಥೆಗೂ ಶಾಸ್ತ್ರಕ್ಕೂ ಅನ್ಯಾಯ.

ಜನಪದ ಜ್ಞಾನ ಶಿಲೆಯನ್ನು ನಿಜವಾಗಿ ಮುಟ್ಟಿದ್ದು ಬೇರೆಡೆ, ಕಲ್ಲೊಡೆಯುವವರ ಕೈಯಲ್ಲಿ. ಭೋವಿ ಸಮುದಾಯದ ಹಿರಿಯ ಕೆಲಸಗಾರನು ಬಂಡೆಯನ್ನು ತಟ್ಟಿ, ಸದ್ದು ಕೇಳಿ, ಯಾವ ದಿಕ್ಕಿಗೆ ಕಲ್ಲು ನೇರವಾಗಿ ಸೀಳುವುದೆಂದು ನಿರ್ಧರಿಸಿ, ಆ ಗೆರೆಯಲ್ಲಿಯೇ ಉಳಿಯಿಂದ ಕುಳಿ ತೋಡಿ ಬೆಣೆ ಹೊಡೆಯುತ್ತಾನೆ. ಹಾಸುಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವ ಪದ್ಧತಿಯೂ ಇತ್ತು. ಸೀಳುವ ದಿಕ್ಕಿಗೆ ಕಾರಣ ಖನಿಜಗಳ ಜೋಡಣೆ ಮತ್ತು ಕಣ್ಣಿಗೆ ಕಾಣದ ಬಿರುಕುಗಳು. ಕ್ಲೋಸ್‌ಪೇಟೆ ಶಿಲೆಯ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು ಅನೇಕ ಕಡೆ ಒಂದೇ ದಿಕ್ಕಿಗೆ ಮಲಗಿರುವುದು ಪಾಕ ಹರಿದ ಗುರುತು. ಪಾಕದ ಚಲನೆಯನ್ನು ಭೂವಿಜ್ಞಾನಿ ಓದುವುದೂ ಈ ಹರಳುಗಳ ಸಾಲಿನಿಂದಲೇ.

ನಮ್ಮ ಕ್ಷೇತ್ರಕಾರ್ಯ ಈ ವೃತ್ತಿಯ ಹಾಡುಗಳನ್ನು ಸಂಗ್ರಹಿಸಿತೇ ಹೊರತು, ಕಲ್ಲನ್ನು ಓದುವ ಅವರ ಮಾತುಗಳಿಗೆ ಅಷ್ಟಾಗಿ ಕಿವಿಗೊಡಲಿಲ್ಲ; ಈ ಲೇಖಕನ ಟಿಪ್ಪಣಿ ಪುಸ್ತಕಗಳೂ ಇದಕ್ಕೆ ಹೊರತಲ್ಲ. ಸಿಡಿಮದ್ದು, ಯಂತ್ರದ ಗರಗಸಗಳು ಬಂದಮೇಲೆ ಬಂಡೆಯನ್ನು ತಟ್ಟಿ ಕೇಳುವ ಅಗತ್ಯ ಕಡಿಮೆಯಾಗಿದೆ, ಕೇಳಬಲ್ಲವರಿಗೆ ವಯಸ್ಸಾಗಿದೆ. ಹರಳುಗಳ ದಿಕ್ಕು ಕಾಣುವ ಹಾಸುಬಂಡೆಗಳೂ ಜಲ್ಲಿಯಾಗಿ ರಸ್ತೆ ಸೇರುತ್ತಿವೆ.