ಮೋಟಾರು ಎಲ್ಲೈತಿ?

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೊರಟ ಬಸ್ಸು ನರಗುಂದ, ಕೊಣ್ಣೂರು ದಾಟಿ ಮಲಪ್ರಭೆಯನ್ನು ಹಿಂದೆ ಹಾಕಿದರೆ ಬರುವುದು ನಮ್ಮ ಕುಳಗೇರಿ ಕ್ರಾಸ್. ಬಾದಾಮಿಗೆ ಹೋಗುವವರು ಇಲ್ಲಿ ಬಲಕ್ಕೆ ಹೊರಳುತ್ತಾರೆ. ನನ್ನ ಫೋಟೋ ಅಂಗಡಿ ಈ ಕ್ರಾಸಿನಲ್ಲಿದೆ. ಈ ಸೀಮೆಗೆ ಕ್ಯಾಮೆರಾ ಬಂದದ್ದು ಹಳೆಯ ಮಾತು. ಬಾಂಬೆ ಸರ್ಕಾರದ ಫೋಟೋಗ್ರಾಫರ್ ಆಗಿ ನೇಮಕಗೊಂಡ ಸೈನ್ಯಾಧಿಕಾರಿ ಥಾಮಸ್ ಬಿಗ್ಸ್ 1855ರಲ್ಲೇ ವಿಜಯಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದ. ಅವನವೂ ಇನ್ನಿಬ್ಬರವೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವೇ ಬಂತು. ಗುಡಿ ಅಲುಗಾಡುವುದಿಲ್ಲ, ಫೋಕಸ್ ಕೂಡಿಸಲು ಬಿಗ್ಸ್‌ಗೆ ಬೇಕಾದಷ್ಟು ಹೊತ್ತಿತ್ತು.

ಲಗ್ನದವರಿಗೆ ಆ ಪುಣ್ಯವಿಲ್ಲ. ಅಕ್ಕಿಕಾಳು ಬೀಳುವುದು ಒಂದೇ ಸಲ. ಫಿಲ್ಮಿನ ಕಾಲದಲ್ಲಿ ನನ್ನ ಕೈಯಲ್ಲಿದ್ದದ್ದು ಪೆಂಟ್ಯಾಕ್ಸ್ ಕೆ1000. ಎಡಗೈಯಿಂದ ಲೆನ್ಸಿನ ಬಳೆ ತಿರುಗಿಸುತ್ತಿದ್ದರೆ ಫೈಂಡರಿನ ನಡುವಿನ ವೃತ್ತ ಮಿಣಮಿಣ ಅನ್ನುತ್ತಿತ್ತು. ಆ ಮಿಣುಕು ನಿಂತರೆ ಫೋಕಸ್ ಕೂಡಿತು ಅಂತ ಅರ್ಥ. ಪೆಂಡಾಲಿನ ಮಬ್ಬು ಬೆಳಕಿನಲ್ಲಿ ಅದನ್ನು ಕಾಣಲು ಕಣ್ಣು ಪಳಗಬೇಕಿತ್ತು. ಒಂದು ರೋಲಿಗೆ 36 ಫೋಟೋ, ಬೀಗರು ಮಾತ್ರ ಇನ್ನೂರು ಮಂದಿ.

ಆ ಹೊತ್ತಿಗಾಗಲೇ ಜಪಾನಿನಲ್ಲಿ ನಮ್ಮ ಕಸುಬಿನ ಮುಂದಿನ ತಕರಾರು ಹುಟ್ಟಿಕೊಂಡಿತ್ತು. ತಾನೇ ಫೋಕಸ್ ಮಾಡುವ ಸಣ್ಣ ಕ್ಯಾಮೆರಾ, ಕೋನಿಕಾ ಸಿ35 ಎಎಫ್, 1977ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾದಲ್ಲಿ ಅದನ್ನು ಗೆಲ್ಲಿಸಿದ್ದು 1985ರ ಮಿನೋಲ್ಟಾ 7000. ಫೋಕಸ್ ತಿರುಗಿಸುವ ಅದರ ಮೋಟಾರು ಇದ್ದದ್ದು ಕ್ಯಾಮೆರಾದ ಬಾಡಿಯೊಳಗೆ. ಲೆನ್ಸಿನಲ್ಲಿ ಬರೀ ಹಲ್ಲುಚಕ್ರ. ಆ ಗೆಲುವಿಗೆ ಮಿನೋಲ್ಟಾ ದಂಡವನ್ನೂ ತೆತ್ತಿತು. ಪೇಟೆಂಟ್ ನಮ್ಮದು ಎಂದು ಅಮೆರಿಕದ ಹನಿವೆಲ್ ಕೋರ್ಟಿಗೆ ಹೋಗಿ, 1992ರಲ್ಲಿ ಅದರಿಂದ 12 ಕೋಟಿ 75 ಲಕ್ಷ ಡಾಲರ್ ವಸೂಲು ಮಾಡಿತು.

ನಿಕಾನ್ 1986ರ ಎಫ್-501ರಲ್ಲಿ ಮಿನೋಲ್ಟಾದ ಹಾಗೆಯೇ ಬಾಡಿಯೊಳಗೆ ಮೋಟಾರು ಇಟ್ಟಿತು. ಆದರೆ 1959ರಿಂದ ನಡೆದು ಬಂದ ತನ್ನ ಎಫ್ ಮೌಂಟನ್ನು, ಅಂದರೆ ಬಾಡಿಗೆ ಲೆನ್ಸ್ ಕೂಡುವ ಬಾಯಿಯನ್ನು, ಬಿಡಲಿಲ್ಲ. ಕ್ಯಾನನ್ ಮಾತ್ರ 1987ರಲ್ಲಿ ಹಳೆಯ ಎಫ್‌ಡಿ ಮೌಂಟನ್ನೇ ಕಿತ್ತೆಸೆದು, ಈಓಎಸ್ 650ರೊಂದಿಗೆ ಹೊಸ ಇಎಫ್ ಮೌಂಟ್ ತಂದು, ಪ್ರತಿ ಲೆನ್ಸಿನೊಳಗೆ ಒಂದೊಂದು ಮೋಟಾರು ಕೂಡಿಸಿತು. ಎಫ್‌ಡಿ ಲೆನ್ಸುಗಳಿಗೆ ದುಡ್ಡು ಸುರಿದವರು ಹಿಡಿಶಾಪ ಹಾಕಿದರು. ನಮ್ಮ ರೈತರಿಗೆ ಇದನ್ನು ಹೇಳಲು ನಾನು ಪಂಪ್‌ಸೆಟ್ಟಿನ ಉದಾಹರಣೆ ಕೊಡುತ್ತೇನೆ: ನಿಕಾನಿನದು ಬಾವಿ ದಂಡೆಯ ಮೇಲಿನ ಮೋಟಾರು, ಕ್ಯಾನನ್ನಿನದು ಬೋರಿನೊಳಗೆ ಇಳಿಬಿಟ್ಟ ಸಬ್‌ಮರ್ಸಿಬಲ್.

ಲೆನ್ಸಿನೊಳಗಿನ ಮೋಟಾರುಗಳಲ್ಲೂ ಜಾತಿಗಳಿವೆ. ಅಗ್ಗದ ಲೆನ್ಸಿನಲ್ಲಿ ಆಟಿಕೆ ಕಾರಿನಲ್ಲಿರುವಂಥ ಸಣ್ಣ ಮೋಟಾರು, ಗರ್ರ್ ಎಂದು ಹಲ್ಲು ತಿರುವುತ್ತದೆ. ದುಬಾರಿಯದು ಯುಎಸ್‌ಎಂ, ಕ್ಯಾನನ್ 1987ರಲ್ಲೇ ಅದನ್ನು 300 ಎಂಎಂ ಲೆನ್ಸಿನಲ್ಲಿ ತಂದಿತ್ತು. ಅದರೊಳಗಿನ ಪಿಂಗಾಣಿಯಂಥ ತುಣುಕುಗಳಿಗೆ ಕರೆಂಟು ಹಾಯಿಸಿದರೆ ಅವು ಕಿವಿಗೆ ನಿಲುಕದ ವೇಗದಲ್ಲಿ ನಡುಗುತ್ತವೆ. ಆ ನಡುಕ ಒಂದು ಬಳೆಯ ಸುತ್ತ ಅಲೆಯಾಗಿ ಓಡಿ, ಅದಕ್ಕೆ ಒತ್ತಿ ಕೂತ ಇನ್ನೊಂದು ಬಳೆಯನ್ನು ತಿರುಗಿಸುತ್ತದೆ. ಸದ್ದಿಲ್ಲ, ವೇಗ ಬಹಳ. ನಿಕಾನ್ ಇದೇ ತತ್ವದ ಎಎಫ್-ಎಸ್ ತಂದದ್ದು 1996ರಲ್ಲಿ. ಯುಎಸ್‌ಎಂ ಎಂಬ ಅಕ್ಷರ ಕಂಡ ಕೂಡಲೇ ಮರುಳಾಗಬೇಡಿ; ಕಡಿಮೆ ಬೆಲೆಯ ಹಲವು ಲೆನ್ಸುಗಳಲ್ಲಿ ಅದೇ ಹೆಸರಿನ ಚಿಕ್ಕ ಮೋಟಾರು ಹಲ್ಲುಚಕ್ರ ಕಟ್ಟಿಕೊಂಡೇ ಕೂತಿರುತ್ತದೆ. ವಿಡಿಯೋ ಶೂಟಿಂಗ್ ಶುರುವಾದ ಮೇಲೆ ಗರ್ರ್ ಸದ್ದು ಮಂತ್ರದ ಜೊತೆ ರೆಕಾರ್ಡ್ ಆಗತೊಡಗಿತು. 2012ರಲ್ಲಿ ಬಂದ ಎಸ್‌ಟಿಎಂ ಮೋಟಾರು, ಹೆಜ್ಜೆ ಹೆಜ್ಜೆಯಾಗಿ ಮೆಲ್ಲಗೆ ಸರಿಯುವುದು, ಆ ಕಾಟಕ್ಕೇ ಮದ್ದು.

ನಮ್ಮ ಕಡೆಯ ಹುಡುಗರನ್ನು ನಿಜಕ್ಕೂ ತಡವಿದ್ದು 2006. ಆ ವರ್ಷದ ಕೊನೆಗೆ ಬಂದ ನಿಕಾನ್ ಡಿ40 ಸಣ್ಣದು, ಹಗುರ, ಅಗ್ಗ. ಹಾಗಾಗಲು ಅದರ ಬಾಡಿಯಿಂದ ಮೋಟಾರನ್ನೇ ತೆಗೆದಿದ್ದರು. ಆಮೇಲೆ ಬಂದ ಡಿ3000, ಡಿ5000 ಸಾಲುಗಳೂ ಹಾಗೆಯೇ. ಡಿ90, ಡಿ7000ರಲ್ಲಿ ಮೋಟಾರು ಉಳಿಯಿತು. ಮೌಂಟು ಎಲ್ಲಕ್ಕೂ ಒಂದೇ. ಈಗಲೂ ಹುಡುಗರು ಬರುತ್ತಾರೆ:

“ಕಾಕಾ, ಲೆನ್ಸ್ ಸರಿಯಾಗೇ ಕೂಡತೈತ್ರಿ, ಆದ್ರ ಫೋಕಸ್ ಆಗವಲ್ದು.”

“ಲೆನ್ಸ್ ಡಬ್ಬ ಹಾಕೋ ತಮ್ಮಾ.”

ಲೆನ್ಸಿನ ಹಿಂಬದಿಯ ಲೋಹದ ಬಳೆಯಲ್ಲಿ ಸಣ್ಣದೊಂದು ಸೀಳು ಇರುವ ಸ್ಕ್ರೂ ಕಾಣುತ್ತದೆ. ಹಳೆಯ 50 ಎಂಎಂ 1.8ಡಿ ಲೆನ್ಸಿನಲ್ಲಿ ಅದನ್ನು ಉಗುರಿನಿಂದಲೇ ಮುಟ್ಟಿ ನೋಡಬಹುದು. ಮೋಟಾರು ಇರುವ ಬಾಡಿಯ ಮೌಂಟಿನಲ್ಲಿ ಅದಕ್ಕೆ ಜೊತೆಯಾಗುವ ಸ್ಕ್ರೂಡ್ರೈವರಿನ ಚಿಕ್ಕ ತುದಿ ಹೊರಚಾಚಿರುತ್ತದೆ. ಒತ್ತಿದರೆ ಒಳಗೆ ಸರಿದು ಮತ್ತೆ ಹೊರಬರುತ್ತದೆ. ಹುಡುಗನ ಬಾಡಿಯಲ್ಲಿ ಆ ತುದಿ ಇಲ್ಲ. ಕೆಟ್ಟದ್ದು ಯಾವುದೂ ಇಲ್ಲ. ತಿರುಗಿಸುವವರು ಇಲ್ಲ, ಅಷ್ಟೇ. ಅವನಿಗೆ ಬೇಕಾದದ್ದು ಎಎಫ್-ಎಸ್. ಹಾಗಂತ ಹೊಸದೆಲ್ಲ ಹಳೆಯದಕ್ಕೆ ಕೂಡುತ್ತದೆ ಅನ್ನುವಂತೆಯೂ ಇಲ್ಲ. 2016ರಲ್ಲಿ ಬಂದ ಎಎಫ್-ಪಿ ಲೆನ್ಸನ್ನು ಡಿ90ಕ್ಕೆ ಹಾಕಿದರೆ ಆಟೋ ಫೋಕಸ್ ಇಲ್ಲ, ಕೈಯಿಂದ ತಿರುಗಿಸಿದರೂ ಇಲ್ಲ. ಅದರ ಬಳೆಯೂ ಕರೆಂಟಿನಿಂದಲೇ ನಡೆಯುವುದು.

ಮೂವತ್ತು ವರ್ಷ ಹಿಂದಿನ ಆ ನಿಕಾನ್-ಕ್ಯಾನನ್ ಜಗಳದ ಲೆಕ್ಕ 2018ರಲ್ಲಿ ಚುಕ್ತಾ ಆಯಿತು. ಎರಡೂ ಕಂಪನಿಗಳು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೊಸ ಮೌಂಟ್ ಮಾಡಿ, ಹಳೆಯ ಲೆನ್ಸಿಗೆಂದು ಅಡಾಪ್ಟರ್ ಕೊಟ್ಟವು. ಕ್ಯಾನನ್ನಿನ 1987ರ ಇಎಫ್ ಲೆನ್ಸ್ ಕೂಡ ಅಡಾಪ್ಟರಿನಲ್ಲಿ ತಾನೇ ಫೋಕಸ್ ಮಾಡುತ್ತದೆ. ಮೋಟಾರು ಅದರ ಹೊಟ್ಟೆಯಲ್ಲೇ ಇದೆ. ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಸ್ಕ್ರೂ ತಿರುಗಿಸುವ ಮೋಟಾರಿಲ್ಲ, ಹಾಗಾಗಿ 1.8ಡಿಯಂಥವು ಮತ್ತೆ ಕೈಫೋಕಸ್ಸಿಗೆ ಬಂದವು. ಅಂದು ಗಿರಾಕಿಯ ಸಿಟ್ಟು ಕಟ್ಟಿಕೊಂಡ ಕ್ಯಾನನ್ನಿನದೇ ಸರಿಯಾದ ದಾರಿ ಎಂಬುದು ನನ್ನ ತೀರ್ಪು. ನಿಕಾನ್ ಹಿಡಿದು ಬೆಳೆದ ಗೆಳೆಯರು ಒಪ್ಪುವುದಿಲ್ಲ. 1959ರ ಲೆನ್ಸ್ ಎಸೆಯದೆ ಕಾಪಾಡಿದ ಕಂಪನಿ ಯಾವುದು ಅಂತ ಕೇಳುತ್ತಾರೆ. ಆ ಮಾತಿಗೂ ತೂಕವಿದೆ.

ಹುಬ್ಬಳ್ಳಿಯಲ್ಲೋ ಬಾಗಲಕೋಟೆಯಲ್ಲೋ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳಲು ಹೊರಟವರು ನಿಮ್ಮ ಬಾಡಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಅಂಗಡಿಯಲ್ಲೇ ಹಚ್ಚಿ, ಹತ್ತಿರದ್ದಕ್ಕೊಮ್ಮೆ ದೂರದ್ದಕ್ಕೊಮ್ಮೆ ಫೋಕಸ್ ಮಾಡಿಸಿ ನೋಡಿ, ಆಮೇಲೆ ರೊಕ್ಕ ಎಣಿಸಿ.